ಹಗೇವಿನ ಲೆಕ್ಕ

ಮನೆಯ ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸಿದವರಿಗೆ ಮೊದಲ ಬೇಸಿಗೆಯಲ್ಲೇ ಒಂದು ವಿಚಿತ್ರ ಎದುರಾಗುತ್ತದೆ. ಮಟಮಟ ಮಧ್ಯಾಹ್ನ, ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ, ಫಲಕಗಳು ಕಾದ ಹಂಚಿನಂತಾಗಿವೆ. ಆಗ ಬೀದಿಯ ಕರೆಂಟು ಹೋಗುತ್ತದೆ. ಅದರ ಜೊತೆಗೇ ಮನೆಯ ಫ್ಯಾನೂ ನಿಲ್ಲುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಸ್ವಂತ ಕರೆಂಟು ಮಾಡಿಕೊಂಡವರೂ ಪಕ್ಕದ ಮನೆಯವರ ಹಾಗೆಯೇ ಬೀಸಣಿಗೆ ಹುಡುಕಬೇಕು.

ಇದು ಕೆಟ್ಟ ಕೆಲಸದ ಫಲವಲ್ಲ, ಬೇಕೆಂದೇ ಮಾಡಿರುವ ಏರ್ಪಾಡು. ಸರ್ಕಾರಿ ಸಬ್ಸಿಡಿಯಲ್ಲಿ ಬರುವ ಬಹುಪಾಲು ವ್ಯವಸ್ಥೆಗಳು ಗ್ರಿಡ್ಡಿಗೆ ಜೋಡಿಸಿದಂಥವು. ಅವುಗಳ ಇನ್ವರ್ಟರ್ ಬೀದಿಯ ಕರೆಂಟಿನ ಲಯ ನೋಡಿಕೊಂಡು ಅದರ ತಾಳಕ್ಕೆ ತಾನು ಕುಣಿಯುತ್ತದೆ. ಬೀದಿಯಲ್ಲಿ ತಾಳ ನಿಂತರೆ ತಾನೂ ನಿಲ್ಲಬೇಕು. ಇಲ್ಲದಿದ್ದರೆ, ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ನಿಗೆ ಯಾರದೋ ಮಾಳಿಗೆಯ ಕರೆಂಟು ಹೊಡೆಯುತ್ತದೆ. ಒಬ್ಬರ ಜೀವ ಉಳಿಸಲೆಂದೇ ಫಲಕಗಳು ಬಿಸಿಲಿನಲ್ಲಿ ಸುಮ್ಮನೆ ಕೂರುತ್ತವೆ. ಈ ನಿಯಮದ ಬಗ್ಗೆ ತಕರಾರು ಮಾಡುವಂತಿಲ್ಲ. ಆದರೆ ಅದೇ ಮನೆಯೊಳಗೆ ಕರೆಂಟನ್ನೇ ನಂಬಿಕೊಂಡ ಇನ್ನೊಂದು ಜೀವವಿದ್ದರೆ ಏನು ಮಾಡಬೇಕು? ಬ್ಯಾಟರಿಯ ಪ್ರಶ್ನೆ ಏಳುವುದು ಇಲ್ಲಿಂದ.

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯ ಲೆಕ್ಕ ಸರಳ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿಗೆ ಮಿತಿ. ಒಂದು ಕೋಟಿ ಮನೆಗಳು ಗುರಿ. ಆದರೆ ಈ ಹಣ ಫಲಕಗಳ ಅಳತೆಗೆ ಸಿಗುವುದು, ಬ್ಯಾಟರಿಗೆ ಅಲ್ಲ. ಬ್ಯಾಟರಿ ಯಾಕೆ ಬೇಕು, ಗ್ರಿಡ್ಡೇ ಇದೆಯಲ್ಲ ಎಂಬುದು ಯೋಜನೆಯ ತರ್ಕ. ಹಗಲು ಹೆಚ್ಚಾದ ಯೂನಿಟ್ಟನ್ನು ಗ್ರಿಡ್ಡಿಗೆ ಕೊಡಿ, ರಾತ್ರಿ ಅಷ್ಟನ್ನೇ ವಾಪಸ್ ಪಡೆಯಿರಿ. ಮೀಟರು ಎರಡನ್ನೂ ಬರೆದಿಟ್ಟುಕೊಳ್ಳುತ್ತದೆ. ನೆಟ್ ಮೀಟರಿಂಗ್ ಎಂದರೆ ಇಷ್ಟೇ. ನೂರು ಯೂನಿಟ್ ಇಟ್ಟರೆ ನೂರೂ ಸಿಗುತ್ತದೆ. ಸ್ವಂತ ಬ್ಯಾಟರಿಯಲ್ಲಿ ನೂರು ತುಂಬಿದರೆ ಕೈಗೆ ಬರುವುದು ಎಂಬತ್ತೋ ತೊಂಬತ್ತೋ. ಬರಿಯ ಹಣದ ದೃಷ್ಟಿಯಿಂದ ನೋಡಿದರೆ, ನೆಟ್ ಮೀಟರ್ ಇರುವ ಮನೆಗೆ ಬ್ಯಾಟರಿ ಶುದ್ಧ ನಷ್ಟ.

ಈ ತರ್ಕದಲ್ಲಿ ಒಂದೇ ಊನ: ಗ್ರಿಡ್ ಎಂಬ ಬ್ಯಾಂಕು ಬಾಗಿಲು ಹಾಕಿದ ಹೊತ್ತಿನಲ್ಲಿ ಖಾತೆಯಲ್ಲಿ ಎಷ್ಟಿದ್ದರೂ ಒಂದೇ.

ನಾಶಿಕ ನಗರದಿಂದ ಉತ್ತರಕ್ಕೆ ಹೋದರೆ ದಿಂಡೋರಿ. ಕಾದವಾ ನದಿ, ಕರಂಜವಣ, ವಾಘಾಡ, ಪಾಲಖೇಡ ಅಣೆಕಟ್ಟುಗಳು, ಅವುಗಳ ನೀರಿನಲ್ಲಿ ಬೆಳೆದ ದ್ರಾಕ್ಷಿ. ಅಕ್ಟೋಬರ್ ಆಸುಪಾಸಿನಲ್ಲಿ ಚಾಟಣಿ, ಜನವರಿಯಿಂದ ಏಪ್ರಿಲ್‌ವರೆಗೆ ಕೊಯ್ಲು. ವಿಜಯಪುರ, ತಿಕೋಟಾ ಕಡೆಯವರಿಗೆ ಈ ಕ್ಯಾಲೆಂಡರ್ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ರೈತರು ಬಹಳ ಮಂದಿ ಊರೊಳಗಿಲ್ಲ, ತೋಟದಲ್ಲೇ ಮನೆ ಕಟ್ಟಿಕೊಂಡಿದ್ದಾರೆ. ಅಂಥ ಹತ್ತಾರು ಮನೆಗಳ ಗುಂಪಿಗೆ ಮರಾಠಿಯಲ್ಲಿ ‘ವಸ್ತಿ’ ಎನ್ನುತ್ತಾರೆ. ವಿಜಯಪುರದ ಕಿವಿಗೆ ಈ ಪದ ಬೇರೆಯೇ ಕೇಳಿಸುತ್ತದೆ. ಅಲ್ಲಿ ವಸ್ತಿ ಎಂದರೆ ರಾತ್ರಿ ತಂಗುವುದು. ರಾತ್ರಿ ಊರಿಗೆ ಬಂದು ಬೆಳಗಿನ ಜಾವ ಹೊರಡುವ ಬಸ್ಸು ‘ವಸ್ತಿ ಬಸ್ಸು’. ಒಂದೇ ಪದ, ಇಲ್ಲಿ ಕಾಯಂ ಮನೆ, ಅಲ್ಲಿ ಒಂದು ರಾತ್ರಿಯ ನೆಲೆ.

ಕರೆಂಟಿನ ವಿಷಯದಲ್ಲಿ ವಸ್ತಿಯ ಮನೆಗಳು ಎರಡೂ ಅರ್ಥಗಳ ನಡುವೆ ಸಿಕ್ಕಿಕೊಂಡಿವೆ. ಕರ್ನಾಟಕದಲ್ಲಿ ನಿರಂತರ ಜ್ಯೋತಿ ಯೋಜನೆಯಲ್ಲಿ ಆದಂತೆ ಮಹಾರಾಷ್ಟ್ರದಲ್ಲೂ ಊರಿನ ಲೈನನ್ನು ಪಂಪ್‌ಸೆಟ್ಟಿನ ಲೈನಿನಿಂದ ಬೇರೆ ಮಾಡಿದರು. ಊರೊಳಗಿನ ಮನೆಗೆ ಇದರಿಂದ ಒಳ್ಳೆಯದಾಯಿತು. ತೋಟದ ಮನೆಗೆ ಮಾತ್ರ ಕರೆಂಟು ಬರುವುದು ಪಂಪಿನ ಲೈನಿನಿಂದಲೇ. ತ್ರೀ ಫೇಸ್ ಸರದಿಯ ಪ್ರಕಾರ ಬರುತ್ತದೆ, ಉಳಿದ ಹೊತ್ತು ಸಿಂಗಲ್ ಫೇಸ್. ರಾತ್ರಿ ಪಾಳಿಯಲ್ಲಿ ನೀರು ಹಾಯಿಸಲು ಹೋಗುವವರಿಗೆ ಚಿರತೆಯ ಭಯ. ಪಂಪುಗಳಿಗೆ ಹಗಲಿನಲ್ಲೇ ಕರೆಂಟು ಕೊಡಬೇಕೆಂಬುದು 2017ರಲ್ಲಿ ಶುರುವಾದ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆಯ ಹಿಂದಿರುವ ವಿಚಾರ. ಲೋಡ್ ಶೆಡ್ಡಿಂಗಿಗೆ ಮರಾಠಿಯಲ್ಲಿ ಒಂದು ಗಂಭೀರ ಪದವಿದೆ: ಭಾರನಿಯಮನ. ಕನ್ನಡದವರಿಗೂ ಅರ್ಥವಾಗುತ್ತದೆ. ಭಾರವನ್ನು ನಿಯಮಿಸುವುದು ಸರಿ, ಆ ಭಾರ ಯಾರ ಹೆಗಲ ಮೇಲೆ ಬಿತ್ತು ಎಂಬುದನ್ನು ಪದ ಹೇಳುವುದಿಲ್ಲ.

ಅಂಥದೊಂದು ವಸ್ತಿಯ ಮನೆಗೆ ವಿಜಯಪುರ ಜಿಲ್ಲೆಯಿಂದ ಸೊಸೆಯಾಗಿ ಬಂದವಳೊಬ್ಬಳಿದ್ದಾಳೆ. ಮನೆಯ ಮೇಲೆ ಮೂರು ಕಿಲೋವ್ಯಾಟಿನ ಫಲಕಗಳಿವೆ. ಒಳಗಿನ ಕೋಣೆಯಲ್ಲಿ ಅತ್ತೆ ಮತ್ತು ಆಕ್ಸಿಜನ್ ಕಾನ್ಸಂಟ್ರೇಟರ್. ವರ್ಷಗಟ್ಟಲೆ ಒಲೆಯ ಹೊಗೆ ಕುಡಿದ ಶ್ವಾಸಕೋಶ. ವೈದ್ಯರು ರಾತ್ರಿಯಿಡೀ ಯಂತ್ರ ಹಾಕಿಕೊಳ್ಳಬೇಕು ಎಂದಿದ್ದಾರೆ. ಯಂತ್ರ ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಜಿಯೋಲೈಟ್ ಎಂಬ ಖನಿಜದ ಹರಳುಗಳ ಮೂಲಕ ಹಾಯಿಸಿ, ಸಾರಜನಕವನ್ನು ಸೋಸಿ ಆಮ್ಲಜನಕವನ್ನು ಕೊಡುತ್ತದೆ. ಸಿಲಿಂಡರಿನ ಹಾಗೆ ಖಾಲಿಯಾಗುವುದಿಲ್ಲ. ಕರೆಂಟು ಇರಬೇಕು, ಅಷ್ಟೇ.

ಆಮ್ಲಜನಕ ನಿಂತರೆ ಏನಾಗುತ್ತದೆ ಎಂದು ನಾಶಿಕದವರಿಗೆ ಯಾರೂ ಹೇಳಬೇಕಾಗಿಲ್ಲ. 2021ರ ಏಪ್ರಿಲ್ 21ರಂದು ನಗರದ ಪಾಲಿಕೆ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಟ್ಯಾಂಕು ಸೋರಿ ಪೂರೈಕೆ ತಪ್ಪಿದಾಗ ಇಪ್ಪತ್ತಕ್ಕೂ ಹೆಚ್ಚು ರೋಗಿಗಳು ಸತ್ತರು. ಎರಡು ವಾರ ಕಳೆಯುವುದರೊಳಗೆ ಚಾಮರಾಜನಗರದಿಂದ ಅಂಥದೇ ಸುದ್ದಿ ಬಂತು. ಆ ಬೇಸಿಗೆಯ ನಂತರವೇ ಕಾನ್ಸಂಟ್ರೇಟರ್ ಎಂಬ ಪದ ಹಳ್ಳಿಯ ಮನೆಗಳಿಗೂ ಬಂದದ್ದು.

ಹೀಗಾಗಿ ಬ್ಯಾಟರಿ ಬೇಕು ಎಂಬುದರಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಯಾವುದು, ಎಷ್ಟು ದೊಡ್ಡದು ಎಂಬಲ್ಲಿ ಮೂರು ಅಭಿಪ್ರಾಯಗಳಿದ್ದವು. ಮಾವನವರಿಗೆ ಪೇಟೆಯಲ್ಲಿ ಸಿಗುವ ಅಗ್ಗದ ಟ್ಯೂಬುಲರ್ ಬ್ಯಾಟರಿ ಒಂದು ಸಾಕು. ಗಂಡನಿಗೆ ಹಾಕಿಸುವುದಿದ್ದರೆ ಬಾವಿಯ ಪಂಪೂ ಓಡುವಂಥದ್ದೇ ಬೇಕು. ವಿಜಯಪುರದ ತಮ್ಮನಿಗೆ ಫೋನಿನಲ್ಲಿ ಮೊದಲು ವಿಷಯವೇ ತಿಳಿಯಲಿಲ್ಲ.

“ಅಕ್ಕಾ, ಯುಪಿಎಸ್ ಹಾಕಸಾಕತ್ತೀಯೇನು?”

“ಅಲ್ಲೋ, ಇಲ್ಲಿ ಅದಕ್ಕ ಇನ್ವರ್ಟರ್ ಅಂತಾರ.”

“ಇನ್ವರ್ಟರ್ ನಿಮ್ಮ ಸೋಲಾರ್‌ಗೆ ಮೊದಲ ಐತಲ್ಲ?”

ಗೊಂದಲ ಅವನ ತಪ್ಪಲ್ಲ. ಕರ್ನಾಟಕದ ಮನೆಗಳಲ್ಲಿ ‘ಯುಪಿಎಸ್’ ಎಂದು ಕರೆಯುವ ಪೆಟ್ಟಿಗೆ ಮಹಾರಾಷ್ಟ್ರದಲ್ಲಿ ‘ಇನ್ವರ್ಟರ್’. ಫಲಕಗಳ ಜೊತೆ ಬರುವ ಗ್ರಿಡ್ ಇನ್ವರ್ಟರ್ ಬೇರೆ. ಅದಕ್ಕೆ ಬ್ಯಾಟರಿಯ ಪರಿಚಯವೇ ಇಲ್ಲ. ಫಲಕ, ಬ್ಯಾಟರಿ, ಗ್ರಿಡ್ ಮೂರನ್ನೂ ಸಂಭಾಳಿಸುವುದು ಹೈಬ್ರಿಡ್ ಇನ್ವರ್ಟರ್. ಕರೆಂಟು ಹೋದಾಗ ಅದು ಮನೆಯನ್ನು ಬೀದಿಯಿಂದ ಕಡಿದು ಬೇರೆ ಮಾಡಿ, ತಾನೇ ತಾಳ ಹಾಕಿಕೊಂಡು ನಡೆಸುತ್ತದೆ. ಲೈನ್‌ಮನ್ನಿಗೂ ಅಪಾಯವಿಲ್ಲ, ಫಲಕಗಳೂ ಸುಮ್ಮನಿರುವುದಿಲ್ಲ. ಅಂಗಡಿಯಲ್ಲಿ ಮೂರಕ್ಕೂ ಒಂದೇ ಹೆಸರು ಕೇಳಿಬರುವಾಗ, ಮನೆಗೆ ಬಂದ ಪೆಟ್ಟಿಗೆ ಯಾವುದು ಎಂದು ಖಚಿತ ಮಾಡಿಕೊಳ್ಳದೆ ದುಡ್ಡು ಕೊಡಬಾರದು.

ಸೊಸೆ ಮಾಡಿದ ಮೊದಲ ಕೆಲಸ ಬೆಲೆ ವಿಚಾರಿಸುವುದಾಗಿರಲಿಲ್ಲ. ಹಾಲಿನ ಲೆಕ್ಕದ ವಹಿಯ ಹಿಂದಿನ ಪುಟಗಳಲ್ಲಿ ಕರೆಂಟು ಹೋದದ್ದು ಎಷ್ಟಕ್ಕೆ, ಬಂದದ್ದು ಎಷ್ಟಕ್ಕೆ ಎಂದು ಬರೆದಿಟ್ಟಳು. ಏಪ್ರಿಲ್, ಮೇ, ಜೂನ್. ಹೆಚ್ಚಿನವು ಹತ್ತು-ಇಪ್ಪತ್ತು ನಿಮಿಷದವು. ಮೇ ತಿಂಗಳಿನ ಗುಡುಗು ಮಳೆಗೆ ಮರ ಬಿದ್ದು ತಂತಿ ಹರಿದ ರಾತ್ರಿಗಳು ಮಾತ್ರ ಬೇರೆ: ಒಮ್ಮೆ ಆರು ಗಂಟೆ, ಒಮ್ಮೆ ಏಳೂವರೆ. ಸರಾಸರಿ ತೆಗೆದಿದ್ದರೆ ಚಿಕ್ಕ ಬ್ಯಾಟರಿಯೇ ಧಾರಾಳವಾಗುತ್ತಿತ್ತು. ಆದರೆ ಉಸಿರಾಟಕ್ಕೆ ಸರಾಸರಿಯ ಲೆಕ್ಕ ನಡೆಯುವುದಿಲ್ಲ. ಅತಿ ಉದ್ದದ ರಾತ್ರಿಯೇ ಅಳತೆಗೋಲು.

ನಂತರ ಆ ರಾತ್ರಿ ಏನೇನು ನಡೆಯಬೇಕು ಎಂಬ ಪಟ್ಟಿ. ಕಾನ್ಸಂಟ್ರೇಟರ್ 350 ವ್ಯಾಟ್. ಹಳೆಯ ಎರಡು ಫ್ಯಾನು ತಲಾ 75. ನಾಲ್ಕು ಎಲ್‌ಇಡಿ ದೀಪ, ವೈಫೈ ಸೇರಿ ಸುಮಾರು 50. ಒಟ್ಟು 550 ವ್ಯಾಟ್. ಎಂಟು ಗಂಟೆಗೆ 4.4 ಯೂನಿಟ್. ಫ್ರಿಜ್ ಬಾಗಿಲು ತೆಗೆಯದಿದ್ದರೆ ಕೆಲವು ಗಂಟೆ ತಣ್ಣಗೇ ಇರುತ್ತದೆ, ಅದನ್ನು ಬಿಟ್ಟಳು.

ಈಗ ಮಾವನವರ ಬ್ಯಾಟರಿ. 12 ವೋಲ್ಟ್, 150 ಆಂಪಿಯರ್-ಅವರ್. ಗುಣಿಸಿದರೆ 1.8 ಯೂನಿಟ್. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತ ಹೋದರೆ ಬೇಗ ಸಾಯುತ್ತದೆ. ಹಾಗಾಗಿ ಬಳಸಲು ಸಿಗುವುದು 0.9. ಇನ್ವರ್ಟರಿನ ನಷ್ಟ ಕಳೆದರೆ ಮುಕ್ಕಾಲು ಯೂನಿಟ್. ಅದೂ ನಿಧಾನವಾಗಿ ತೆಗೆದರೆ. ಇಂಥ ಬ್ಯಾಟರಿಯ ಮೇಲೆ ಸಿ10, ಸಿ20 ಎಂದು ಬರೆದಿರುತ್ತದೆ: ಬರೆದ ಅಳತೆ ಹತ್ತು ಅಥವಾ ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ತೆಗೆದಾಗ ಸಿಗುವಂಥದ್ದು ಎಂದರ್ಥ. ರಭಸದಿಂದ ಎಳೆದರೆ ಅಷ್ಟು ಬರುವುದಿಲ್ಲ. ಒಂದು ಬ್ಯಾಟರಿ ಈ ಮನೆಯನ್ನು ಹೆಚ್ಚೆಂದರೆ ಒಂದು ಗಂಟೆಯ ಆಚೀಚೆ ನಡೆಸೀತು. ನಾಲ್ಕು ಜೋಡಿಸಬಹುದು. ಆಗ ಜಾಗ, ಡಿಸ್ಟಿಲ್ಡ್ ವಾಟರ್, ಕೆಲವು ವರ್ಷಕ್ಕೊಮ್ಮೆ ಬದಲಾವಣೆ, ಚಾರ್ಜ್ ಆಗುವಾಗ ಏಳುವ ಜಲಜನಕಕ್ಕೆ ಗಾಳಿಯಾಡುವ ಕೋಣೆ. ಆಮ್ಲಜನಕದ ನಳಿಕೆ ಇರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಸೀಸಕ್ಕೆ ಒಂದು ಒಳ್ಳೆಯ ಗುಣವಿದೆ: ಹಳೆಯದಾದರೂ ಗುಜರಿಯಲ್ಲಿ ಬೆಲೆ ಸಿಗುತ್ತದೆ, ಯಾವ ಊರಿನಲ್ಲಾದರೂ ರಿಪೇರಿಯವನು ಸಿಗುತ್ತಾನೆ. 1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ಮಾಡಿದ ವಸ್ತು ಇಂದಿಗೂ ಅಂಗಡಿಯಲ್ಲಿರುವುದು ಸುಮ್ಮನೆ ಅಲ್ಲ.

ಇನ್ನೊಂದು ಆಯ್ಕೆ ಲಿಥಿಯಂ. ಮನೆಗಳಿಗೆ ಬರುತ್ತಿರುವುದು ಹೆಚ್ಚಾಗಿ ಲಿಥಿಯಂ ಐರನ್ ಫಾಸ್ಫೇಟ್. ಮೊಬೈಲು, ಸ್ಕೂಟರುಗಳ ಬೆಂಕಿಯ ಸುದ್ದಿ ಓದಿದವರು ಲಿಥಿಯಂ ಎಂದೊಡನೆ ಹೆದರುತ್ತಾರೆ. ಆದರೆ ಲಿಥಿಯಂ ಬ್ಯಾಟರಿಗಳಲ್ಲಿ ಹಲವು ಕುಲಗಳಿವೆ. ಫಾಸ್ಫೇಟಿನಲ್ಲಿ ರಂಜಕ ಮತ್ತು ಆಮ್ಲಜನಕದ ಬಂಧ ಗಟ್ಟಿ. ಕಾದಾಗಲೂ ಅದು ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಹಾಗಾಗಿ ಬೆಂಕಿ ಹೊತ್ತಿಕೊಳ್ಳುವ ಸಂಭವ ನಿಕಲ್-ಕೋಬಾಲ್ಟ್ ಬಗೆಗಿಂತ ಕಡಿಮೆ. ಈ ವಸ್ತುವನ್ನು ಬ್ಯಾಟರಿಗೆ ಬಳಸಬಹುದೆಂದು ತೋರಿಸಿದ ಪ್ರಬಂಧ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ 1997ರಲ್ಲಿ ಬಂತು. ಬರೆದವರು ಮೂವರು: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಮೂರನೆಯವರಿಗೆ 2019ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ, ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ ನೊಬೆಲ್ ಬಂತು. ನಡುವಿನ ಹೆಸರನ್ನು ಕನ್ನಡದ ಓದುಗರು ಒಂದು ಕ್ಷಣ ನಿಂತು ಓದಿಕೊಳ್ಳಬಹುದು.

ಸಾಮಾನ್ಯವಾಗಿ ಸಿಗುವ ಒಂದು ಪೆಟ್ಟಿಗೆ 51.2 ವೋಲ್ಟ್, 100 ಆಂಪಿಯರ್-ಅವರ್: 5.12 ಯೂನಿಟ್. ಶೇಕಡಾ ತೊಂಬತ್ತು ಬಳಸಿದರೂ ಅದಕ್ಕೆ ತೊಂದರೆಯಿಲ್ಲ, 4.6. ಇನ್ವರ್ಟರಿನ ನಷ್ಟ, ಅದು ತಾನೇ ತಿನ್ನುವ ಕರೆಂಟು ಕಳೆದರೆ ನಾಲ್ಕು ಯೂನಿಟ್ ಉಳಿಯಿತು. 550 ವ್ಯಾಟಿಗೆ ಏಳು ಗಂಟೆ ಚಿಲ್ಲರೆ. ವಹಿಯ ಏಳೂವರೆ ಗಂಟೆಗೆ ಸ್ವಲ್ಪ ಕಡಿಮೆ. ಇಲ್ಲಿ ಹೆಚ್ಚಿನವರು ಎರಡನೆಯ ಪೆಟ್ಟಿಗೆ ಕೊಳ್ಳುತ್ತಾರೆ. ಸೊಸೆ ಫ್ಯಾನು ಬದಲಾಯಿಸಿದಳು. ಮೂವತ್ತು ವ್ಯಾಟಿನ ಬಿಎಲ್‌ಡಿಸಿ ಫ್ಯಾನೊಂದು ಅತ್ತೆಯ ಕೋಣೆಗೆ. ದೊಡ್ಡ ರಾತ್ರಿಗಳಲ್ಲಿ ಅದು, ಒಂದು ದೀಪ ಮತ್ತು ಕಾನ್ಸಂಟ್ರೇಟರ್ ಮಾತ್ರ. ಒಟ್ಟು 390 ವ್ಯಾಟ್, ಹತ್ತು ಗಂಟೆ. ಬ್ಯಾಟರಿಯ ಗಾತ್ರ ಹಿಗ್ಗಿಸುವುದಕ್ಕಿಂತ ಭಾರ ತಗ್ಗಿಸುವುದು ಯಾವಾಗಲೂ ಅಗ್ಗ. ಭಾರನಿಯಮನ ಎಂಬ ಪದಕ್ಕೆ ಒಂದು ಮನೆಯೊಳಗಾದರೂ ನ್ಯಾಯವಾದ ಅರ್ಥ ಸಿಕ್ಕಿತು.

ಗಂಡನ ಪಂಪಿನ ಆಸೆ ಉಳಿದಿತ್ತು. ಐದು ಎಚ್‌ಪಿ ಎಂದರೆ ಸುಮಾರು 3.7 ಕಿಲೋವ್ಯಾಟ್. ಮೋಟಾರು ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆ ಒಂದು ಕ್ಷಣಕ್ಕಾಗಿ ಇನ್ವರ್ಟರ್ ಹಲವು ಪಟ್ಟು ದೊಡ್ಡದಾಗಬೇಕು, ತ್ರೀ ಫೇಸ್ ಆಗಬೇಕು. ಇಷ್ಟು ಮಾಡಿದರೂ ಐದು ಯೂನಿಟ್ಟಿನ ಬ್ಯಾಟರಿ ಒಂದು ಗಂಟೆಯಲ್ಲಿ ಬರಿದು. ಆದರೆ ತೋಟಕ್ಕೆ ಬೇಕಾದದ್ದು ರಾತ್ರಿಯ ಕರೆಂಟಲ್ಲ, ನೀರು. ದಿಂಡೋರಿಯ ತೋಟಗಳಲ್ಲಿ ಪ್ಲಾಸ್ಟಿಕ್ ಹಾಸಿದ ಶೇತತಳೆಗಳಿವೆ, ನಮ್ಮಲ್ಲಿ ಕೃಷಿ ಹೊಂಡ ಎನ್ನುವಂಥವು. ಹಗಲು ಪಂಪು ಓಡಿದಾಗ ಹೊಂಡ ತುಂಬಿಸಿಟ್ಟರೆ, ಮನೆಯ ಮೇಲಿನ ಸಿಂಟೆಕ್ಸನ್ನು ಬಿಸಿಲಿರುವಾಗಲೇ ತುಂಬಿಸಿದರೆ, ಅದೇ ಸಂಗ್ರಹ. ನೀರು ಹಳೆಯದಾಗುವುದಿಲ್ಲ, ಅದಕ್ಕೆ ವಾರಂಟಿ ಬೇಕಿಲ್ಲ. ಗಂಡ ಒಪ್ಪಿದ, ಸಂತೋಷದಿಂದೇನಲ್ಲ.

ವ್ಯಾಪಾರಿಗಳ ಮಾತಿನಲ್ಲಿ ಅತಿ ಹೆಚ್ಚು ಕೇಳಿಬರುವ ಸಂಖ್ಯೆ ಸೈಕಲ್. ನಮ್ಮದು ನಾಲ್ಕು ಸಾವಿರ, ನಮ್ಮದು ಆರು ಸಾವಿರ. ಒಮ್ಮೆ ತುಂಬಿ ಒಮ್ಮೆ ಖಾಲಿಯಾದರೆ ಒಂದು ಸೈಕಲ್. ದಿನಕ್ಕೊಂದು ಎಂದರೂ ನಾಲ್ಕು ಸಾವಿರಕ್ಕೆ ಹನ್ನೊಂದು ವರ್ಷ. ಕರೆಂಟು ಹೋದಾಗ ಮಾತ್ರ ಬಳಸುವ ಮನೆಯಲ್ಲಿ ನಾಲ್ಕು ಸಾವಿರವೇ ಮುಗಿಯುವುದಿಲ್ಲ, ಆರು ಸಾವಿರಕ್ಕೆ ಹೆಚ್ಚು ಬೆಲೆ ಯಾಕೆ? ಇಂಥ ಬ್ಯಾಟರಿ ಬಳಸಿ ಸಾಯುವುದಿಲ್ಲ, ಕೂತು ಮುದಿಯಾಗಿ ಸಾಯುತ್ತದೆ. ಅದನ್ನು ಬೇಗ ಮುದಿ ಮಾಡುವುದು ಸೆಖೆ, ಮತ್ತು ಸದಾ ನೂರಕ್ಕೆ ನೂರು ತುಂಬಿಟ್ಟಿರುವುದು. ಆದ್ದರಿಂದ ತಗಡಿನ ಶೆಡ್ಡಿನಲ್ಲಿ ಇಡಬಾರದು. ನೆರಳಿನ, ಗಾಳಿಯಾಡುವ ಗೋಡೆ ಬೇಕು, ಮಲಗುವ ಕೋಣೆ ಬೇಡ. ಚಳಿಯ ಕಡೆಯಿಂದ ಹೆದರಿಕೆ ಕಡಿಮೆ: ಪಕ್ಕದ ನಿಫಾಡದಲ್ಲಿ ಐದು ಡಿಗ್ರಿಗಿಂತ ಕೆಳಗಿಳಿದು ದ್ರಾಕ್ಷಿ ಉಳಿಸಲು ತೋಟದಲ್ಲಿ ಬೆಂಕಿ ಹಾಕುವ ರಾತ್ರಿಗಳಿದ್ದರೂ, ಈ ಬ್ಯಾಟರಿಗೆ ಚಾರ್ಜ್ ಮಾಡಬಾರದ ಚಳಿ ಸೊನ್ನೆಗಿಂತ ಕೆಳಗಿನದು. ವಾರಂಟಿ ಕಾಗದದಲ್ಲಿ ಓದಬೇಕಾದ್ದು ಎಷ್ಟು ವರ್ಷ, ಆ ವರ್ಷದ ಕೊನೆಗೆ ಎಷ್ಟು ಶೇಕಡಾ ಶಕ್ತಿ ಉಳಿದಿರುತ್ತದೆ ಎಂದು ಬರೆದುಕೊಟ್ಟಿದ್ದಾರೆ ಎಂಬುದು. ಇನ್ನೊಂದು ಪ್ರಶ್ನೆ: ಈ ಬ್ಯಾಟರಿಯೂ ಈ ಇನ್ವರ್ಟರೂ ಒಂದಕ್ಕೊಂದು ಮಾತಾಡುತ್ತವೆಯೇ? ಲಿಥಿಯಂ ಬ್ಯಾಟರಿಯೊಳಗೆ ಬಿಎಂಎಸ್ ಎಂಬ ಕಾವಲುಗಾರ ಇರುತ್ತಾನೆ. ಪ್ರತಿ ಸೆಲ್ಲಿನ ವೋಲ್ಟೇಜು, ಬಿಸಿ ನೋಡಿಕೊಂಡು ಇನ್ವರ್ಟರಿಗೆ ತಿಳಿಸುವುದು ಅವನ ಕೆಲಸ. ಇಬ್ಬರ ಭಾಷೆ ಬೇರೆಯಾದರೆ ಮಧ್ಯರಾತ್ರಿ, ಬ್ಯಾಟರಿ ಅರ್ಧ ತುಂಬಿರುವಾಗಲೇ, ಎಲ್ಲವೂ ನಿಲ್ಲಬಹುದು.

ಹಣ ವಾಪಸ್ ಬರುವುದು ಯಾವಾಗ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ನೆಟ್ ಮೀಟರ್ ಇರುವ ತನಕ ಬರುವುದಿಲ್ಲ, ಅದೇ ಪ್ರಾಮಾಣಿಕ ಉತ್ತರ. ನಿಯಮ ಬದಲಾದರೆ ಉತ್ತರವೂ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್‌ನಿಂದ ಹೊಸ ಗ್ರಾಹಕರು ಗ್ರಿಡ್ಡಿಗೆ ಕೊಡುವ ಯೂನಿಟ್ಟಿನ ಬೆಲೆಯನ್ನು ಸುಮಾರು ಮುಕ್ಕಾಲು ಭಾಗ ಇಳಿಸಿದರು. ಅಲ್ಲಿಂದ ಫಲಕ ಹಾಕಿಸುವವರು ಜೊತೆಗೇ ಬ್ಯಾಟರಿಯನ್ನೂ ಹಾಕಿಸತೊಡಗಿದರು. ಮಹಾರಾಷ್ಟ್ರದಲ್ಲೂ ಹೊಸ ಮೀಟರುಗಳು ಹಗಲಿನ ಯೂನಿಟ್ಟನ್ನೂ ರಾತ್ರಿಯ ಯೂನಿಟ್ಟನ್ನೂ ಬೇರೆ ಬೇರೆ ನೋಡತೊಡಗಿವೆ. ಹಗಲಿನ ಕರೆಂಟು ಅಗ್ಗವಾದಷ್ಟೂ ರಾತ್ರಿಯದನ್ನು ಕೂಡಿಟ್ಟುಕೊಳ್ಳುವ ಬೆಲೆ ಏರುತ್ತದೆ.

ಆದರೆ ವಿಷಯವನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಸೆಲ್ಕೋ ಶುರು ಮಾಡಿದಾಗ ನೆಟ್ ಮೀಟರ್ ಇರಲಿಲ್ಲ, ಎಷ್ಟೋ ಮನೆಗಳಿಗೆ ಕರೆಂಟೇ ಇರಲಿಲ್ಲ. ಅವರು ಮಾರಿದ್ದು ಒಂದು ಸಣ್ಣ ಫಲಕ, ಒಂದು ಸೀಸದ ಬ್ಯಾಟರಿ, ಎರಡೋ ನಾಲ್ಕೋ ದೀಪ, ಜೊತೆಗೆ ಬ್ಯಾಂಕಿನ ಸಾಲ. ಅಲ್ಲಿ ಮೊದಲ ಪ್ರಶ್ನೆ ಎಷ್ಟು ಕಿಲೋವ್ಯಾಟ್ ಎಂಬುದಲ್ಲ. ಯಾವ ಕೆಲಸಕ್ಕೆ, ಎಷ್ಟು ಗಂಟೆ ಬೆಳಕು ಬೇಕು ಎಂಬುದು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ತಂದುಕೊಟ್ಟದ್ದು ಈ ಬಗೆಯ ಕೆಲಸ. ಈಗಿನ ಯೋಜನೆಗಳು ಮಾಳಿಗೆಯನ್ನು ಅಳೆಯುತ್ತವೆ. ಒಳಗಿನ ಕೋಣೆಯಲ್ಲಿ ಯಾರಿದ್ದಾರೆ ಎಂದು ಕೇಳುವ ಕಾಲಂ ಅರ್ಜಿಯಲ್ಲಿಲ್ಲ.

ವಿಜಯಪುರದ ಹಳೆಯ ಮನೆಗಳಲ್ಲಿ ಹಗೇವು ಇರುತ್ತಿತ್ತು, ನೆಲದೊಳಗೆ ತೋಡಿದ ಜೋಳದ ಕಣಜ. ಮರಾಠಿಯಲ್ಲಿ ಅದಕ್ಕೆ ‘ಪೇವ’ ಎನ್ನುತ್ತಾರೆ, ಹಾಗಾಗಿ ಮಾವನವರಿಗೆ ವಿವರಿಸುವುದು ಕಷ್ಟವಾಗಲಿಲ್ಲ. ಹಗೇವಿಗೆ ಹಾಕಿದ ಜೋಳವನ್ನು ಪೇಟೆಗೆ ಒಯ್ದಿದ್ದರೆ ಆ ವರ್ಷವೇ ದುಡ್ಡಾಗುತ್ತಿತ್ತು. ನೆಲದೊಳಗಿಟ್ಟರೆ ಒಂದಿಷ್ಟು ಮುಗ್ಗಿ ಹೋಗುತ್ತದೆ, ಬಾಯಿ ತೆಗೆದು ಗಾಳಿಯಾಡಿಸದೆ ಇಳಿದರೆ ಉಸಿರುಗಟ್ಟುತ್ತದೆ. ಆದರೂ ಬರ ಬರುವ ಸೀಮೆಯಲ್ಲಿ ಹಗೇವು ಯಾವಾಗ ಅಸಲು ವಾಪಸ್ ಕೊಟ್ಟೀತು ಎಂದು ಯಾರೂ ಕೇಳುತ್ತಿರಲಿಲ್ಲ. ಮಾವನವರು ಕೇಳಿದ್ದು ಒಂದೇ: “ಮಳೆಗಾಲದಲ್ಲಿ ಇದನ್ನು ತುಂಬುವವರು ಯಾರು?”

ಪ್ರಶ್ನೆ ಸರಿಯಾಗಿತ್ತು. ಮೂರು ಕಿಲೋವ್ಯಾಟಿನ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಹನ್ನೆರಡು ಯೂನಿಟ್ ಕೊಟ್ಟರೂ ಜುಲೈನ ಮೋಡದಲ್ಲಿ ಅದು ತೀರ ಇಳಿಯುತ್ತದೆ. ಅದಕ್ಕೇ ಬ್ಯಾಟರಿಯನ್ನು ಗ್ರಿಡ್ಡಿನಿಂದಲೂ ತುಂಬುವಂತೆ ಹೊಂದಿಸಿದರು. ದಿನನಿತ್ಯದ ಬಳಕೆಗೆ ಮೇಲಿನ ಶೇಕಡಾ ಇಪ್ಪತ್ತು ಮಾತ್ರ. ಶೇಕಡಾ ಎಂಬತ್ತಕ್ಕೆ ಇಳಿದರೆ ಅಲ್ಲಿಗೆ ನಿಲ್ಲಬೇಕು, ಉಳಿದದ್ದು ಕರೆಂಟು ಹೋದಾಗಿನ ಪಾಲು. ಮಳೆಗಾಲದಲ್ಲಿ ಆ ಗೆರೆ ತೊಂಬತ್ತೈದಕ್ಕೆ. ಎಂಬತ್ತರಿಂದ ಹೊರಟರೂ ಅತ್ತೆಯ ಕೋಣೆಗೆ ಸುಮಾರು ಎಂಟು ಗಂಟೆ ಸಾಕಾಗುತ್ತದೆ. ಕಾನ್ಸಂಟ್ರೇಟರ್ ಇರುವ ಪ್ಲಗ್ಗಿಗೆ ಬೇರೆಯೇ ಸರ್ಕ್ಯೂಟು ಎಳೆದರು. ಗೀಸರು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಯಾವುದೂ ಆ ಕಡೆ ಸುಳಿಯುವಂತಿಲ್ಲ.

ಆಮ್ಲಜನಕದ ಸಿಲಿಂಡರೊಂದು ಕೋಣೆಯ ಮೂಲೆಯಲ್ಲಿ ಹಾಗೇ ಇದೆ. ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಅದು ಇನ್ನೇಕೆ ಎಂದು ನೋಡಲು ಬಂದವರು ಕೇಳುತ್ತಾರೆ. ಇನ್ವರ್ಟರೂ ಒಂದು ಯಂತ್ರವೇ, ಅದೂ ಕೆಡಬಹುದು ಎಂದು ಸೊಸೆ ಹೇಳುತ್ತಾಳೆ. ಸಿಲಿಂಡರಿನ ಕೀಲಿ ಅದರ ಕೊರಳಿಗೇ ಕಟ್ಟಿದೆ, ಕತ್ತಲಲ್ಲಿ ತಡಕಿದರೂ ಕೈಗೆ ಸಿಗುವ ಹಾಗೆ.